ಶಾಲಾ ಸಿದ್ಧಿ ಸ್ವಮೌಲ್ಯಮಾಪನ: ಎಲ್ಲಕ್ಕೂ 3ನೇ ಹಂತ ಹಾಕುವ ಮುನ್ನ

ಚಳ್ಳಕೆರೆ ಕಡೆ ಪ್ರಭಾರ ಮುಖ್ಯ ಶಿಕ್ಷಕರಾಗಿದ್ದೀರಿ, ಶಾಲೆಯೇ ತನ್ನನ್ನು ಅಳೆದುಕೊಳ್ಳುವ ಶಾಲಾ ಸಿದ್ಧಿಯಲ್ಲಿ ಮೊದಲ ವರ್ಷವೇ ಎಲ್ಲದರಲ್ಲೂ 3ನೇ ಹಂತ, ಅಂದರೆ ಅತಿ ಮೇಲಿನ ಹಂತ, ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ತೋರಿಸಬೇಡಿ ಸರ್. ದಾವಣಗೆರೆ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ನಾನು ತೋರಿಸಿ ಕೆಟ್ಟೆ.

ಶಾಲಾ ಸಿದ್ಧಿಯಲ್ಲಿ 7 ಕ್ಷೇತ್ರ, 46 ಮಾನದಂಡ. ಮೊದಲ ಕ್ಷೇತ್ರವಾದ ಶಾಲಾ ಸೌಲಭ್ಯಗಳ 12 ಮಾನದಂಡಗಳಿಗೆ ಮಾತ್ರ ಎರಡೆರಡು ಸಲ ಹಂತ ಕೊಡಬೇಕು: ಇದೆಯೇ, ಸಾಕಷ್ಟಿದೆಯೇ ಎನ್ನುವುದಕ್ಕೆ ಒಂದು, ಬಳಸುವಂತಿದೆಯೇ ಎನ್ನುವುದಕ್ಕೆ ಇನ್ನೊಂದು. ನಮ್ಮಲ್ಲಿ ಶೌಚಾಲಯ ನಾಲ್ಕಿದ್ದವು, ಎರಡಕ್ಕೆ ನೀರೇ ಇರಲಿಲ್ಲ. ಮೊದಲನೆಯದಕ್ಕೆ 3 ಹಾಕಿದ್ದು ಸರಿ. ಎರಡನೆಯದಕ್ಕೂ 3 ಹಾಕಿದೆ, ಅದೇ ತಪ್ಪು. ಎರಡೂ ಕಡೆ ತಾಳೆಯಾಗಲಿ ಅಂತ, ಶಾಲೆಗಳ ಸರ್ಕಾರಿ ಅಂಕಿ-ಅಂಶ ದಾಖಲೆಯಾದ ಯು-ಡೈಸ್‌ನಲ್ಲೂ ಒಟ್ಟು ನಾಲ್ಕು, ಬಳಕೆಯಲ್ಲಿರುವುದು ನಾಲ್ಕು ಅಂತ ತುಂಬಿದೆ. ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಹೊರಡುವುದೇ ಯು-ಡೈಸ್ ಅಂಕಿಯಿಂದ. ಕಾಗದದ ಮೇಲೆ ಕೆಡದ ಶೌಚಾಲಯ ದುರಸ್ತಿ ಪಟ್ಟಿಗೆ ಬರುವುದಾದರೂ ಹೇಗೆ? ಎಲ್ಲವೂ 3 ಇದ್ದ ಮೇಲೆ ಸುಧಾರಣಾ ಯೋಜನೆಯ ಭಾಗದಲ್ಲಿ ಬರೆಯಲೂ ಏನೂ ಉಳಿಯಲಿಲ್ಲ. ಹೆಣ್ಣುಮಕ್ಕಳು ಇಡೀ ವರ್ಷ ಎರಡರಲ್ಲೇ ಸರತಿ ನಿಂತರು.

ಈ ಅಂಕಿಗಳನ್ನು ರ‍್ಯಾಂಕ್ ಅಂದುಕೊಳ್ಳುವುದರಿಂದಲೇ ಹೀಗಾಗುತ್ತದೆ. ರಾಜ್ಯದಲ್ಲಿ 2005-06ರಿಂದಲೇ ಶಾಲಾ ಗುಣಮಟ್ಟದ ಮೌಲ್ಯಾಂಕನ ಶುರುವಾಯಿತು, 2015ರಲ್ಲಿ ಶಾಲಾ ಸಿದ್ಧಿ ಬಂತು. ಆದರೂ ಜನ ಕೇಳುವುದು ಎಸ್ಸೆಸ್ಸೆಲ್ಸಿ ಸ್ಥಾನವನ್ನೇ. 2023ರಲ್ಲಿ ನಿಮ್ಮ ಚಿತ್ರದುರ್ಗ ರಾಜ್ಯಕ್ಕೇ ಮೊದಲು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ 21ನೇ ಸ್ಥಾನ. ರಾಜ್ಯದ ಫಲಿತಾಂಶವೂ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ. ಒಂದೇ ವರ್ಷದಲ್ಲಿ ಪಾಠ ಅಷ್ಟು ಕೆಟ್ಟಿತೇ? ಆ ಸ್ಥಾನ ನೋಡಿ ಯಾವ ನಲ್ಲಿ ರಿಪೇರಿ ಮಾಡಿಸುತ್ತೀರಿ?

ತುಂಬುವ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಇಬ್ಬರನ್ನು, ಒಬ್ಬರಾದರೂ ತಾಯಂದಿರಿರಲಿ, ಕರೆದುಕೊಂಡು ಶಾಲೆ ಸುತ್ತಿ. ಬಿಡುವಿನ ಹೊತ್ತಲ್ಲೇ ಹೋಗಿ, ನೀರು ಬರುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು. ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಚಿಲಕ ಹಾಕಿ ನೋಡಿ. ಗ್ರಂಥಾಲಯದಲ್ಲಿ ಪುಸ್ತಕ ಎಣಿಸಬೇಡಿ. ಕಳೆದ ತಿಂಗಳು ಮಕ್ಕಳ ಕೈಗೆ ಎಷ್ಟು ಹೋದವು ಅಂತ ವಿತರಣಾ ವಹಿ ತೆಗೆಯಿರಿ. ಕಲಿಕೆಯ ಕ್ಷೇತ್ರಕ್ಕೆ ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಅಂಕಗಳಷ್ಟೇ ಸಾಲದು: ಐದನೇ ತರಗತಿಯ ಪ್ರತಿ ಮಗುವಿನಿಂದ ಎರಡನೇ ತರಗತಿಯ ಒಂದು ಪ್ಯಾರಾ ಓದಿಸಿ. ತಡವರಿಸಿದವರ ಹೆಸರು ಬರೆದಿಟ್ಟುಕೊಳ್ಳಿ, ಹಂತ ಆಮೇಲೆ ಹಾಕಿ.

ಸುಧಾರಣೆಗೆ ಹೆಚ್ಚಿನ ಆದ್ಯತೆ ಅಂತ ಮೂರು ಮಾನದಂಡಗಳನ್ನೇ ಗುರುತಿಸಿ. ಹತ್ತು ಬರೆದರೆ ಒಂದೂ ಆಗುವುದಿಲ್ಲ. ಅವನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಂಪೌಂಡ್, ಶೌಚಾಲಯದ ಕೆಲಸವಾದರೆ ಗ್ರಾಮ ಪಂಚಾಯಿತಿಗೂ ಅರ್ಜಿ ಕೊಡಿ, ಪಂಚಾಯಿತಿಯ ಕ್ರಿಯಾಯೋಜನೆ ತಯಾರಾಗುವ ಮುಂಚೆಯೇ. ನಡಾವಳಿ, ಯು-ಡೈಸ್, ಶಾಲಾ ಸಿದ್ಧಿ ಮೂರರಲ್ಲೂ ಒಂದೇ ಅಂಕಿ ಇರಲಿ.