ಅವರ ಬೇಸಿಗೆ, ನಮ್ಮ ಕಕ್ಕಡ

ಕೊಡಗಿನ ಸಿದ್ದಾಪುರದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು: "ನೇಪಾಳದಲ್ಲಿ ಆರು ವಾರದ ಅಂತರರಾಷ್ಟ್ರೀಯ ಸಮ್ಮರ್ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೇನೆ. ಮಕ್ಕಳ ಆಶ್ರಮದಲ್ಲಿ ಇಂಗ್ಲಿಷ್ ಕಲಿಸಬೇಕು, ಪಕ್ಕದ ಹಳ್ಳಿಯಲ್ಲಿ ಸರ್ವೇ ಮಾಡಬೇಕು. ಶುಲ್ಕ 1 ಲಕ್ಷ 40 ಸಾವಿರ. ಟಿಕೆಟ್ ಬೇರೆ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಲು ತಯಾರಿದ್ದಾರೆ. ಆದರೆ 'ದಿಡ್ಡಳ್ಳಿ ಪಕ್ಕದಲ್ಲೇ ಇದೆ, ಅದು ಬಿಟ್ಟು ನೇಪಾಳಕ್ಕೆ ಯಾಕೆ?' ಅಂತ ಕೇಳುತ್ತಾರೆ. ಏನು ಮಾಡಲಿ?"

ತಂಗಿ, ನೇರವಾಗಿ ಹೇಳಿಬಿಡುತ್ತೇನೆ. ಆ ಆಶ್ರಮಕ್ಕೆ ಹೋಗಬೇಡಿ. ನೇಪಾಳಕ್ಕೆ ಮಾತ್ರ ಸಾಧ್ಯವಾದರೆ ಖಂಡಿತ ಹೋಗಿ.

ಆಶ್ರಮದ ಮಾತು ಮೊದಲು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ನಾನು ದಿನಾ ಹೋಗುತ್ತಿದ್ದೆ. ಹೊರಗಿನಿಂದ ಕಾಲೇಜು ಮಕ್ಕಳು ಬಂದಿದ್ದರು, ಒಳ್ಳೆಯ ಮಕ್ಕಳು, ರಾತ್ರಿಯೆಲ್ಲ ಅಕ್ಕಿ ಮೂಟೆ ಹೊತ್ತವರು. ಅವರಲ್ಲಿ ನಾಲ್ಕೈದು ಹುಡುಗಿಯರು ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು ಹಾಡು, ಚಿತ್ರ, ಆಟ ಅಂತ ಒಂದು ವಾರ ನಡೆಸಿದರು. ಆಮೇಲೆ ಕಾಲೇಜಿಗೆ ಹೊರಟರು, ಹೊರಡಲೇಬೇಕಿತ್ತಲ್ಲ. ಮನೆ ಕಳೆದುಕೊಂಡು ಬಂದಿದ್ದ ನಾಲ್ಕು ವರ್ಷದ ಒಂದು ಮಗು ಮಾತ್ರ ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. "ಅಕ್ಕ ಬರಲ್ವಾ?" ಅಂತ ಹೋಗಿ ಬರುವವರನ್ನೆಲ್ಲ ಕೇಳುತ್ತಿತ್ತು. ಅದನ್ನು ಎತ್ತಿಕೊಂಡು ಒಳಗೆ ಕರೆತರುತ್ತಿದ್ದವರು ಅದೇ ಊರಿನ ಅಂಗನವಾಡಿ ಟೀಚರ್. ಅವರ ಮನೆಯೂ ಹೋಗಿತ್ತು. ಅದು ಒಂದೇ ವಾರದ ಒಡನಾಟ. ಆಶ್ರಮದಲ್ಲಿ ಆರು ವಾರಕ್ಕೊಬ್ಬ ಅಕ್ಕ ಬರುತ್ತಾಳೆ, ಹೋಗುತ್ತಾಳೆ, ಇನ್ನೊಬ್ಬಳು ಬರುತ್ತಾಳೆ. ಆ ಮಕ್ಕಳಿಗೆ ಏನಾಗಬಹುದು ನೋಡಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೇಪಾಳದ ಆಶ್ರಮಗಳು ಜಾಸ್ತಿ ಇರುವುದು ಬಡ ಬೆಟ್ಟದ ಜಿಲ್ಲೆಗಳಲ್ಲಲ್ಲ, ಕಠ್ಮಂಡು ಕಣಿವೆ ಮತ್ತು ಪ್ರವಾಸಿಗರು ಹೋಗುವ ಊರುಗಳಲ್ಲಿ. ಅಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆ ಅಂತ ಹಳ್ಳಿಯಿಂದ ಕರೆತಂದವರು. ಮಕ್ಕಳಿದ್ದರೆ ವಿದೇಶಿ ವಾಲಂಟಿಯರ್ ಬರುತ್ತಾರೆ, ಅವರ ಜೊತೆ ಶುಲ್ಕ ಬರುತ್ತದೆ, ಆಮೇಲೆ ದಾನ ಬರುತ್ತದೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳ ಸರ್ಕಾರವೇ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿ, ಪೋಷಕರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಒಯ್ಯುವುದನ್ನು ತಡೆಯಬೇಕಾಯಿತು. ಆಸ್ಟ್ರೇಲಿಯಾ 2018ರಲ್ಲಿ ಇಂಥ ವ್ಯವಹಾರವನ್ನು ಆಧುನಿಕ ಗುಲಾಮಗಿರಿಯ ಒಂದು ರೂಪ ಅಂತ ಗುರುತಿಸಿತು. ನಿಮ್ಮನ್ನು ಕರೆದ ಆಶ್ರಮ ಅಂಥದ್ದೇ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಅಪ್ಪ ಸಾಲ ಮಾಡಿ ಕಟ್ಟುವ ದುಡ್ಡು ಒಂದು ಮಗುವನ್ನು ಅಮ್ಮನಿಂದ ದೂರ ಇಡುವ ಸಾಧ್ಯತೆ ಸ್ವಲ್ಪ ಇದ್ದರೂ ಅದು ಬೇಡ.

ಇನ್ನು ಸರ್ವೇ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಕೆಲವು ವರ್ಷಗಳ ಹಿಂದೆ ಯುರೋಪಿನ ಒಂದು ವಿಶ್ವವಿದ್ಯಾಲಯದ ಹುಡುಗಿ ನಮ್ಮ ಕಡೆ ಬಂದಿದ್ದಳು. ಪರಿಚಯದವರ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರು ಇರುವ ಸಾಲು ಮನೆಗಳಲ್ಲಿ, ಸರ್ವೇ ಮಾಡುವುದು ಅವಳ ಇಂಟರ್ನ್‌ಶಿಪ್. ಬಂದದ್ದು ಜುಲೈ ಮಧ್ಯದಲ್ಲಿ. ಅವರಿಗದು ಬೇಸಿಗೆ ರಜೆ. ನಮಗೆ ಕಕ್ಕಡ, ಕೊಡಗಿನ ಜಡಿಮಳೆಯ ತಿಂಗಳು, ಹಗಲು ಮೂರು ಗಂಟೆಗೇ ಕತ್ತಲು, ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುವ ಕಾಲ. "ಕಳೆದ ವಾರ ಎಷ್ಟು ದಿನ ಕೂಲಿ ಸಿಕ್ಕಿತು?" ಅಂತ ಅವಳ ಪ್ರಶ್ನೆ. ಒಂದು ದಿನ, ಎರಡು ದಿನ, ಸಿಗಲೇ ಇಲ್ಲ. ಹಾಗೇ ಬರೆದುಕೊಂಡಳು. ಅರೇಬಿಕಾ ಕೊಯ್ಲು ಶುರುವಾದ ಮೇಲೆ, ಅಥವಾ ಜನವರಿಯಿಂದ ಮಾರ್ಚ್‌ವರೆಗಿನ ರೋಬಸ್ಟಾ ಕೊಯ್ಲಿನಲ್ಲಿ ಅವಳು ಅದೇ ಬಾಗಿಲಿಗೆ ಬಂದಿದ್ದರೆ ಮಾತಾಡಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಆಗ ಆಳು ಸಾಲದೆ ಅಸ್ಸಾಂನಿಂದೆಲ್ಲ ಜನ ಬರುತ್ತಾರೆ. ಅವಳ ಲೆಕ್ಕ ಸುಳ್ಳಲ್ಲ, ಆದರೆ ಅದು ಮಳೆಗಾಲದ ಲೆಕ್ಕ. ಇಡೀ ವರ್ಷದ ಲೆಕ್ಕ ಅಂತ ಅದು ದೂರದ ಊರಿಗೆ ಹೋಯಿತು.

ಇನ್ನೊಂದು ಸಂಗತಿ ನನಗೆ ಆಮೇಲೆ ಗೊತ್ತಾಯಿತು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಅಲ್ಲಿನ ಆದಿವಾಸಿ ಯರವರ ಮಾತಂತೂ ಇಲ್ಲವೇ ಇಲ್ಲ. ಮಾತು ದಾಟಿಸುತ್ತಿದ್ದವರು ಕೂಲಿ ಲೆಕ್ಕ ಬರೆಯುವ ತೋಟದ ರೈಟರ್. "ಮುಂಗಡ ಸಾಲ ಇದೆಯಾ?" ಅಂತ ರೈಟರ್ ಎದುರು ನಿಂತು ಕೇಳಿದರೆ ಯಾರು ಇದೆ ಅಂತಾರೆ? ಎಲ್ಲರೂ ಇಲ್ಲ ಅಂದರು. ಹುಡುಗಿ ಪ್ರಾಮಾಣಿಕಳು. ಕೊನೆಯ ವಾರದಲ್ಲಿ ಅವಳಿಗೇ ಇದು ಹೊಳೆದು, ವರದಿಯ ಕೊನೆ ಪುಟದಲ್ಲಿ ಎಲ್ಲವನ್ನೂ ಬಿಡಿಸಿ ಬರೆದು, ಒಂದು ಪ್ರತಿ ನನಗೂ ಕಳಿಸಿದಳು. ನಲವತ್ತು ಪುಟದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಆ ಒಂದು ಪುಟ.

ನೇಪಾಳದಲ್ಲೂ ಇದೇ ಕಥೆ. ಅಲ್ಲೂ ಜೂನ್‌ನಿಂದ ಸೆಪ್ಟೆಂಬರ್ ಮಳೆ, ಗುಡ್ಡ ಜಾರುವ ಕಾಲ. ಆಷಾಢದ 15ನೇ ದಿನ, ನಮ್ಮ ಲೆಕ್ಕದಲ್ಲಿ ಜೂನ್ ಕೊನೆಗೆ, ಅಲ್ಲಿ ನಾಟಿ ಹಬ್ಬ. ಊರಿಗೆ ಊರೇ ಗದ್ದೆಯಲ್ಲಿರುತ್ತದೆ. ನೀವು ಫಾರಂ ಹಿಡಿದು ಹೋದರೆ ಕೆಸರು ಕೈಯಲ್ಲಿ ನಿಂತವರ ಕೆಲಸ ಕೆಡುತ್ತದೆ ಅಷ್ಟೇ. ನಾಟಿ ಸಮಯದಲ್ಲಿ ನಮ್ಮ ಗದ್ದೆ ಏರಿಯ ಮೇಲೆ ಯಾರಾದರೂ ಹಾಗೆ ಬಂದು ನಿಂತರೆ ನಿಮ್ಮ ಅಮ್ಮ ಏನು ಹೇಳುತ್ತಿದ್ದರು? ಅದಕ್ಕೇ ಹೇಳುವುದು, ಹೋದರೆ ಸರ್ವೇ ಬಿಟ್ಟು ಮೊದಲು ಸಸಿ ಹಿಡಿಯಿರಿ. ನಾಟಿ ಗೊತ್ತಿರುವ ಹುಡುಗಿ ನೀವು.

ಈಗ ನಿಮ್ಮ ಅಪ್ಪನ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಅವರಲ್ಲಿ ಬಹಳಷ್ಟು ಜನ ಲೈನ್ ಮನೆಗಳಿಂದ ಬಂದವರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಓಡಾಡುವವರು ನಮ್ಮ ಹಾಡಿಗಳಲ್ಲಿ (ಆದಿವಾಸಿಗಳ ಊರುಗಳಲ್ಲಿ) ಇವತ್ತಿಗೂ ಇದ್ದಾರೆ. ನಿಮ್ಮ ಕೋರ್ಸಿನ ವಾರಕ್ಕೆರಡು ದಿನದ ಫೀಲ್ಡ್ ವರ್ಕ್‌ಗೆ ಇಲ್ಲಿ ಬೇಕಾದಷ್ಟು ಕೆಲಸ ಇದೆ.

ಆದರೂ ಹೊರಗೆ ಹೋಗುವುದು ಬೇಡ ಅಂತ ನಾನು ಹೇಳಲಾರೆ. ಇಲ್ಲೇ ಇದ್ದರೆ ಕಾಣದ ಕೆಲವು ಸಂಗತಿ ಅಲ್ಲಿ ಕಾಣುತ್ತವೆ. ನೇಪಾಳ 1993ರ ಅರಣ್ಯ ಕಾಯ್ದೆಯ ಮೂಲಕ ಕಾಡು ನೋಡಿಕೊಳ್ಳುವುದನ್ನು ಊರಿನವರ ಕೈಗೆ ಕೊಟ್ಟಿತು. ಈಗ ಅಲ್ಲಿ 22,000ಕ್ಕೂ ಹೆಚ್ಚು ಬಳಕೆದಾರರ ಗುಂಪುಗಳಿವೆ. ಸೌದೆ ಯಾವಾಗ ತರಬೇಕು, ಮೇವು ಯಾರಿಗೆ, ಬಂದ ದುಡ್ಡಲ್ಲಿ ರಸ್ತೆಯೋ ಶಾಲೆಯೋ, ಎಲ್ಲ ಅವರೇ ಕೂತು ತೀರ್ಮಾನ ಮಾಡುತ್ತಾರೆ. ಬೋಳಾಗಿದ್ದ ಎಷ್ಟೋ ಬೆಟ್ಟಗಳಲ್ಲಿ ಮತ್ತೆ ಕಾಡು ಬಂದಿದೆ. ನೀವು 1,200ಕ್ಕೂ ಹೆಚ್ಚು ದೇವರಕಾಡು ಇರುವ ಜಿಲ್ಲೆಯವರು. ದೇವರಕಾಡಿನ ಸಮಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಅಂಚಿನ ಜಾಗ ಹೇಗೆ ತೋಟಕ್ಕೆ ಸೇರಿಕೊಳ್ಳುತ್ತದೆ, ಹಾಡಿಯವರನ್ನು ಅಲ್ಲಿ ಕೇಳುವವರಿದ್ದಾರಾ, ಇದೆಲ್ಲ ನೋಡಿ ಬೆಳೆದವರು. ನೇಪಾಳದ ಅಂಥ ಗುಂಪಿನ ಸಭೆಯಲ್ಲಿ ನೀವು ಸುಮ್ನೆ ಕೂತರೂ ಬೇರೆ ದೇಶದ ವಿದ್ಯಾರ್ಥಿಗೆ ಹೊಳೆಯದ ಪ್ರಶ್ನೆ ನಿಮಗೆ ಹೊಳೆಯುತ್ತದೆ. ವೀಸಾ ಬೇಡ. ಶಾಲೆಯ ಹಿಂದಿ ಸ್ವಲ್ಪ ನಡೆಯುತ್ತದೆ, ಲಿಪಿ ಗೊತ್ತು. ನಮ್ಮ ರೆಸಾರ್ಟ್‌ಗಳಲ್ಲಿ ಕೆಲಸ ಮಾಡುವ ನೇಪಾಳಿಗಳು ಸಿಕ್ಕರೆ ಈಗಿನಿಂದಲೇ ಅವರ ಹತ್ತಿರ ಮಾತು ಕಲಿಯಿರಿ.

ದುಡ್ಡಿನ ವಿಷಯ. ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅಲ್ಲ. ನಿಮ್ಮ ಊಟ, ವಸತಿ, ನಿಮಗೆ ಕಲಿಸುವವರ ಸಮಯ, ಇದಕ್ಕೆಲ್ಲ ಖರ್ಚಿದೆ. ಆ 1 ಲಕ್ಷ 40 ಸಾವಿರದಲ್ಲಿ ಹಳ್ಳಿಗೆ ಎಷ್ಟು, ನಡುವಿನವರಿಗೆ ಎಷ್ಟು ಅಂತ ಲೆಕ್ಕ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ದೊಡ್ಡ ಹೆಸರು ಅಂದ ಕೂಡಲೇ ದುಡ್ಡು ಸಿಗುತ್ತದೆ ಅಂತಲೂ ಇಲ್ಲ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. 2015ರಲ್ಲಿ ಜಿನೀವಾದಲ್ಲಿ ಒಬ್ಬ ಇಂಟರ್ನ್ ಟೆಂಟ್‌ನಲ್ಲಿ ಮಲಗಿದ ಸುದ್ದಿ ಜಗತ್ತಿಗೆಲ್ಲ ಹರಡಿತು. ಗಮನ ಸೆಳೆಯಲೆಂದೇ ಹಾಗೆ ಮಾಡಿದೆ ಅಂತ ಆಮೇಲೆ ಅವನೇ ಹೇಳಿದ, ಆದರೆ ಸಂಬಳ ಇಲ್ಲದ್ದು ನಿಜವೇ. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಈಗ ಸ್ಟೈಪೆಂಡ್ ಕೊಡುತ್ತವೆ. ವಿಶ್ವಬ್ಯಾಂಕ್ ಸ್ನಾತಕೋತ್ತರ ಓದುವವರಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತದೆ. ಪದವಿ ಓದುತ್ತಿರುವ ತಮ್ಮ ತಂಗಿಯರಿದ್ದರೆ ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಸಂಶೋಧನಾ ಇಂಟರ್ನ್‌ಶಿಪ್ ನೋಡಲಿ, 12 ವಾರ, ಖರ್ಚಿನ ಬಹುಪಾಲು ಮೈಟ್ಯಾಕ್ಸ್ ಕೊಡುತ್ತದೆ, ಸಮಾಜ ವಿಜ್ಞಾನಕ್ಕೂ ಅವಕಾಶ ಇದೆ. ಹಿಂದಿನ ವರ್ಷದ ಮಳೆಗಾಲದಲ್ಲೇ ಅರ್ಜಿ ಹಾಕಬೇಕು.

ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. 1984ರಲ್ಲಿ ಶುರುವಾಗಿ ಎಚ್.ಡಿ. ಕೋಟೆಯಲ್ಲಿ ಕೆಲಸ ಮಾಡುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಬಂದು ಕಲಿತು ಹೋದದ್ದಿದೆ. ಅಲ್ಲಿ ಆಸ್ಪತ್ರೆ, ಶಾಲೆ ವರ್ಷವಿಡೀ ನಡೆಯುತ್ತವೆ. ವಿದ್ಯಾರ್ಥಿ ಬಂದರೂ ನಡೆಯುತ್ತವೆ, ಹೋದರೂ ನಡೆಯುತ್ತವೆ. ನೇಪಾಳದಲ್ಲೂ ನೀವು ಅಂಥ ಜಾಗ ಹುಡುಕಬೇಕು.

ಹಾಗಾಗಿ ಈ ವಾರವೇ ನಿಮ್ಮನ್ನು ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಿದವರಿಗೊಂದು ಮೇಲ್ ಹಾಕಿ. ನಾನು ಹೋದ ಮೇಲೆ ಈ ಕೆಲಸ ಯಾರು ಮಾಡುತ್ತಾರೆ? ನನಗೆ ಕಲಿಸುವವರು ಯಾರು, ಅವರು ಆ ಊರಿನವರಾ? ಆಶ್ರಮದ ಬದಲು ಅರಣ್ಯ ಗುಂಪಿನ ಜೊತೆ ಹಾಕುತ್ತೀರಾ? ಮಳೆಗಾಲ ಬಿಟ್ಟು ದಸರಾ ರಜೆಯಲ್ಲಿ ಬರಬಹುದಾ? ದಾರಿ ಕುಸಿದರೆ ನನ್ನ ಜವಾಬ್ದಾರಿ ಯಾರದು? ಒಪ್ಪಿಕೊಂಡರೆ ನಿಮ್ಮ ಗೈಡ್‌ಗೂ ತಿಳಿಸಿ, ಕೋರ್ಸಿನ ಬ್ಲಾಕ್ ಪ್ಲೇಸ್‌ಮೆಂಟ್ (ಒಂದೇ ಸಂಸ್ಥೆಯಲ್ಲಿ ಕೆಲವು ವಾರ ಸತತವಾಗಿ ಮಾಡುವ ಕೆಲಸ) ಲೆಕ್ಕಕ್ಕೆ ಬರುತ್ತದಾ ಕೇಳಿ.

ಉತ್ತರ ಬರುವವರೆಗೆ ಅಪ್ಪನಿಗೆ ಸೊಸೈಟಿಗೆ ಹೋಗಬೇಡಿ ಅಂತ ಹೇಳಿ. ಮಡಿಕೇರಿಗೆ ಬಂದರೆ ಇಬ್ಬರೂ ನಮ್ಮ ಕಚೇರಿಗೆ ಬನ್ನಿ. ಆ ಯುರೋಪಿನ ಹುಡುಗಿಯ ವರದಿ ನನ್ನ ಕಪಾಟಿನಲ್ಲಿದೆ, ಕೊನೆಯ ಪುಟ ನಿಮಗೆ ಓದಲು ಕೊಡುತ್ತೇನೆ.

— ಸಂಪಾದಕ