ಉಬುಂಟು ಕರ್ನಲ್ (ಸಿಸ್ಟಮ್‌ನ ತಿರುಳಾದ ಪ್ರೋಗ್ರಾಂ) ಅಪ್‌ಗ್ರೇಡ್ ಆದಮೇಲೆ ‘ಕರ್ನಲ್ ಪ್ಯಾನಿಕ್’ ಬರುತ್ತಿದೆ, ಬೂಟ್ ಆಗುತ್ತಿಲ್ಲ. ಏನು ಮಾಡಲಿ?

ಹಳೆಯ ಕರ್ನಲ್ ಸಾಮಾನ್ಯವಾಗಿ ಡಿಸ್ಕ್‌ನಲ್ಲೇ ಇರುತ್ತದೆ, ಗಾಬರಿ ಬೇಡ. ಆನ್ ಮಾಡಿದ ಕೂಡಲೇ ಎಸ್ಕೇಪ್ (ಹಳೆಯ ಬಯೋಸ್ ಆದರೆ ಶಿಫ್ಟ್) ಒತ್ತಿ, ಗ್ರಬ್ (ಬೂಟ್ ಆಗುವ ಕರ್ನಲ್ ಆರಿಸುವ) ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಆವೃತ್ತಿ ಆರಿಸಿ.

ಪರದೆಯಲ್ಲಿ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಅಂತಿದ್ದರೆ, ಹೊಸ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಬಳಕೆಯಾಗುವ ತಾತ್ಕಾಲಿಕ ಫೈಲ್ ವ್ಯವಸ್ಥೆ) ತಯಾರಾಗಿಲ್ಲ ಅನ್ನುವ ಅನುಮಾನವೇ ಜಾಸ್ತಿ. ರೂಟ್ ಪಾರ್ಟಿಷನ್ ತೆರೆಯಲು ಬೇಕಾದ ಡ್ರೈವರ್‌ಗಳು ಇರುವುದು ಅದರಲ್ಲೇ. ಕರ್ನಲ್ ಫೈಲ್‌ಗಳಿರುವ /ಬೂಟ್ ತುಂಬಿಹೋಗಿದ್ದರೆ ಅದರ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. ಹಳೆಯ ಕರ್ನಲ್‌ನಲ್ಲಿ ಬೂಟ್ ಆದಮೇಲೆ ಟರ್ಮಿನಲ್‌ನಲ್ಲಿ ‘ಡಿಎಫ್ -ಎಚ್ /ಬೂಟ್’ ಕೊಟ್ಟು ನೋಡಿ. 100% ಇದ್ದರೆ, ಈಗ ಓಡುತ್ತಿರುವುದನ್ನು ಬಿಟ್ಟು ಹಳೆಯ ಕರ್ನಲ್‌ಗಳನ್ನು ಎಪಿಟಿ (ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್) ಮೂಲಕವೇ ತೆಗೆಯಿರಿ. ಸುಮ್ನೆ ಆರ್‌ಎಂ (ಫೈಲ್ ಅಳಿಸುವ ಕಮಾಂಡ್) ಹೊಡೆದರೆ, ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ದಾಖಲೆ ಇಡುವ ಡಿಪಿಕೆಜಿಯ ಲೆಕ್ಕ ತಪ್ಪುತ್ತದೆ. ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಮುಂದೆ ಹೊಸ ಆವೃತ್ತಿಯ ಹೆಸರು ಕೊಡಿ, ನಂತರ ‘ಸುಡೊ ಅಪ್‌ಡೇಟ್-ಗ್ರಬ್’.

ಪ್ಯಾನಿಕ್ ಇಲ್ಲದೆ ಬರೀ ಕಪ್ಪು ಪರದೆ, ಜೊತೆಗೆ ಎನ್‌ವಿಡಿಯಾ ಕಾರ್ಡ್ ಇದೆಯಾ? ಆಗ ‘ಡಿಕೆಎಂಎಸ್ ಸ್ಟೇಟಸ್’ ನೋಡಿ (ಡಿಕೆಎಂಎಸ್ ಅಂದರೆ ಪ್ರತಿ ಕರ್ನಲ್‌ಗೂ ಇಂಥ ಡ್ರೈವರ್‌ಗಳನ್ನು ಬಿಲ್ಡ್ ಮಾಡುವ ವ್ಯವಸ್ಥೆ). ಹೊಸ ಕರ್ನಲ್‌ಗೆ ಡ್ರೈವರ್ ಬಿಲ್ಡ್ ಆಗಿರಲಿಕ್ಕಿಲ್ಲ.