ದಾವಣಗೆರೆಯ ಮನೆಯಲ್ಲೇ ಮೊನೆರೊ ಪಿ2ಪೂಲ್ ನೋಡ್ ನಡೆಸಬಹುದೇ?

ಖಂಡಿತ ನಡೆಸಬಹುದು. ಮೊನೆರೊ ಒಂದು ಕ್ರಿಪ್ಟೋ ನಾಣ್ಯ; ಪಿ2ಪೂಲ್ ಎಂದರೆ ಮಧ್ಯವರ್ತಿಯಿಲ್ಲದೆ ಹಲವರು ಸೇರಿ ಅದನ್ನು ಮೈನ್ ಮಾಡುವ ವ್ಯವಸ್ಥೆ; ನೋಡ್ ಎಂದರೆ ಆ ಜಾಲಕ್ಕೆ ಸೇರಿದ ಕಂಪ್ಯೂಟರ್. ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿಯೇ ಬೇಕು; ಪ್ರೂನ್ ಮಾಡಿದ (ಗಾತ್ರ ಇಳಿಸಿದ) ಬ್ಲಾಕ್‌ಚೈನ್, ಅಂದರೆ ವಹಿವಾಟುಗಳ ದಾಖಲೆ, 256 ಜಿಬಿಯಲ್ಲಿ ಹಿಡಿಸುತ್ತದೆ. ಮೊದಲು ಮೊನೆರೊ ನೋಡ್ ಪೂರ್ತಿ ಸಿಂಕ್ ಆಗಲಿ, ಅಂದರೆ ಈ ದಾಖಲೆಯನ್ನು ಇಳಿಸಿಕೊಳ್ಳಲಿ. ಅದನ್ನು ಜಡ್‌ಎಂಕ್ಯೂ-ಪಬ್ (zmq-pub) ಆಯ್ಕೆ ಕೊಟ್ಟು, 18083 ಪೋರ್ಟಿನಲ್ಲಿ ಶುರು ಮಾಡಿ. ಬಹಳ ಜನ ಎಡವುವುದು ಇಲ್ಲೇ: ಇದಿಲ್ಲದಿದ್ದರೆ ಹೊಸ ಬ್ಲಾಕ್ ಬಂದದ್ದು ಪಿ2ಪೂಲ್‌ಗೆ ತಿಳಿಯುವುದಿಲ್ಲ. ಪಿ2ಪೂಲ್‌ಗೆ ನಿಮ್ಮ ವ್ಯಾಲೆಟ್‌ನ ಮುಖ್ಯ ವಿಳಾಸವನ್ನೇ ಕೊಡಿ, ಅದು 4ರಿಂದ ಶುರುವಾಗುತ್ತದೆ. ಒಂದೆರಡು ಕಂಪ್ಯೂಟರ್ ಅಷ್ಟೇ ಇದ್ದರೆ ಪಿ2ಪೂಲ್‌ನಲ್ಲಿ ಸಣ್ಣ ಮೈನರ್‌ಗಳಿಗಾಗಿ ಇರುವ ಮಿನಿ ಚೈನ್ ಆರಿಸಿ, ಷೇರ್ (ನಿಮ್ಮ ಕೆಲಸದ ಪಾಲಿನ ಲೆಕ್ಕ) ಬೇಗ ಸಿಗುತ್ತದೆ. ಆಮೇಲೆ ಎಕ್ಸ್‌ಎಂರಿಗ್ ಎಂಬ ಮೈನಿಂಗ್ ಸಾಫ್ಟ್‌ವೇರನ್ನು ಪಿ2ಪೂಲ್‌ನ 3333 ಪೋರ್ಟಿಗೆ ಜೋಡಿಸಿ.

ನಮ್ಮ ಕಡೆ ನಿಜವಾಗಿ ಕಾಡುವುದು ಕರೆಂಟ್. ಡಿಸ್ಕಿಗೆ ಬರೆಯುವಾಗಲೇ ಹೋದರೆ ಡೇಟಾಬೇಸ್ ಕೆಡಬಹುದು, ಮತ್ತೆ ಮೊದಲಿಂದ ಸಿಂಕ್. ಕಂಪ್ಯೂಟರಿಗೂ ರೂಟರಿಗೂ ಯುಪಿಎಸ್ ಹಾಕಿ. ಮೊನೆರೊ ನೋಡ್‌ನ ಡೇಟಾಬೇಸ್ ಸಿಂಕ್ ಮೋಡ್ 'ಸೇಫ್' ಇರಲಿ. ಕಂಪ್ಯೂಟರಿನ ಗಡಿಯಾರವನ್ನೂ ಇಂಟರ್ನೆಟ್ ಸಮಯಕ್ಕೆ ಹೊಂದಿಸಿ.